ಗೇಟಿನ ಹತ್ತು ನಿಮಿಷ

ಹಾಸನದ ಗಾರ್ಮೆಂಟ್ಸಿನಲ್ಲಿ ನನ್ನ ಪಕ್ಕದ ಮಿಷನ್ನಿನ ಅಕ್ಕ ಏನನ್ನೇ ಆಗಲಿ ಒಂದೇ ಸಲ ಕೇಳಿ ಸುಮ್ಮನಾಗುತ್ತಿದ್ದರು. "ಕೇಳಾಯ್ತಲ್ಲ, ಇನ್ನು ಅವ್ರು ಮಾತಾಡ್ಲಿ ಕಣವ್ವ" ಎನ್ನುವರು.

ನಮ್ಮ ಹೊಳೆನರಸೀಪುರದ ಬಸ್ಸು ಒಂಬತ್ತು ದಾಟಿಯೇ ಬರುವುದು. ಗೇಟು ಒಂಬತ್ತಕ್ಕೇ ಮುಚ್ಚುವುದು. ಓಡಿ ಬಂದರೂ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಬಸ್ಸಿನವರೆಲ್ಲ ಸೇರಿ ಕೂಗಾಡಿದ್ದು ದಂಡವಾದ ಮೇಲೆ, ಅಕ್ಕ ನನ್ನನ್ನು ಕರೆದುಕೊಂಡು ಮ್ಯಾನೇಜರ್ ಎದುರು ನಿಂತರು.

"ಬೆಳಿಗ್ಗೆ ಅತ್ತು ನಿಮಿಷ ಗೇಟ್ ತಗ್ದಿರ್ಲಿ ಸಾ. ಸಂಜೆ ಅತ್ತು ನಿಮಿಷ ಕೂತು ಬಟ್ಟೆ ಒಲ್ದು ಕೊಡ್ತೀವಿ."

ಮ್ಯಾನೇಜರ್ ಫ್ಯಾನು ನೋಡಿದರು, ಪೆನ್ನು ತಿರುಗಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕಾಲು ತುಳಿದರು. ಕೊನೆಗೆ ಮ್ಯಾನೇಜರೇ, "ಆಯ್ತು, ನಾಳೆಯಿಂದ" ಎಂದರು.

ಮರುದಿನ ಬಸ್ಸಿಳಿದವರೆಲ್ಲ ಅಭ್ಯಾಸದಂತೆ ಓಡಿದೆವು. ಅಕ್ಕ ಮಾತ್ರ ಒಂದು ಮೊಳ ಕನಕಾಂಬರ ಕೊಂಡು, ನಿಂತು ಮುಡಿದು, ಗೇಟಿನೊಳಗೆ ನಡೆದೇ ಬಂದರು.