ಜಾಲಹಳ್ಳಿಯಲ್ಲಿ ಬಸ್ಸು ಹೊರಡುವ ಹೊತ್ತು

ನನ್ನ ಮೀಸೆಯ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಅಭಿಮಾನ. ಫೌಜಿನಲ್ಲಿ ಬೆಳೆಸಿದ್ದು, ಡ್ರೈವರನ ಖಾಕಿ ಅಂಗಿಗೂ ಒಪ್ಪುತ್ತದೆ. ಹಿಮದ ಗುಡ್ಡಗಳಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದವನು ಈಗ ಜಾಲಹಳ್ಳಿಯಿಂದ ದೇವದುರ್ಗದ ಮೇಲೆ ಹಾದು ರಾಯಚೂರಿಗೆ ಸರ್ಕಾರಿ ಬಸ್ಸು ಓಡಿಸುತ್ತೇನೆ. ಇನ್ನೂ ಸೇವೆ ಬಾಕಿ ಇರುವಾಗಲೇ ಫೌಜು ಬಿಟ್ಟುಬಂದೆ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ದೊಡ್ಡ ಕಾರಣ ಹೇಳಿದ್ದೇನೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಹೆಂಡತಿ ಬಡಿದ ಬಿಸಿ ರೊಟ್ಟಿಯನ್ನು ಅವಳ ಎದುರಿಗೇ ಕೂತು ತಿನ್ನಬೇಕೆನಿಸಿತು, ಅಷ್ಟೇ.

ಹಳೆಯ ಗುಡಿಗಳ ಮುಂದೆ ವೀರಗಲ್ಲುಗಳನ್ನು ನೋಡಿದ್ದೀರಲ್ಲ? ಕೆಳಗೆ ವೀರ ಕಾದಾಡುತ್ತಾನೆ, ನಡುವೆ ಅಪ್ಸರೆಯರ ಜೊತೆ ಹೊರಡುತ್ತಾನೆ, ಮೇಲೆ ಶಿವನ ಮುಂದೆ ಕೈಮುಗಿದು ಕೂಡುತ್ತಾನೆ. ಬಿಸಿ ರೊಟ್ಟಿ ನೆನಪಾಯಿತೆಂದು ನಡುವೆಯೇ ಎದ್ದು ಬಂದವನಿಗೆ ಯಾವ ಶಿಲ್ಪಿಯೂ ಜಾಗ ಬಿಟ್ಟಿಲ್ಲ. ನಮ್ಮಪ್ಪನೂ ಬಿಟ್ಟಿರಲಿಲ್ಲ. "ನನ್ನ ಮಗ ದೇಶದ ಸಲುವಾಗಿ ನಿಂತಾನ" ಎಂದು ಸಂತೆಯಲ್ಲೆಲ್ಲ ಕೂಗಿ ಹೇಳುತ್ತಿದ್ದವನು, ನಾನು ಬಂದ ಮೇಲೆ ಸಂತೆಗೆ ಹೋಗುವುದನ್ನೇ ಬಿಟ್ಟ. ನನ್ನೊಡನೆ ಮಾತನ್ನೂ ಬಿಟ್ಟ. ಅಷ್ಟು ನೋವು ನನಗೆ ಫೌಜಿನಲ್ಲಿ ಯಾವತ್ತೂ ಆಗಿರಲಿಲ್ಲ.

ಬಸ್ಸು ಹಿಡಿದ ಮೊದಲ ದಿನ. ನಮ್ಮ ಊರಿನ ರಿವಾಜೇ ಬೇರೆ. ವೇಳೆ ಇರುವುದು ಬೋರ್ಡಿನ ಮೇಲೆ ಬರೆಯುವುದಕ್ಕೆ. ಬಸ್ಸು ಹೊರಡುವುದು ದೂರದಲ್ಲಿ ಕೈಬೀಸುವವರೆಲ್ಲ ಬಂದು ಹತ್ತಿದ ಮೇಲೆ. ಫೌಜಿನಲ್ಲಿ ಪಳಗಿದ ನನಗೆ ಅದು ಮರೆತೇ ಹೋಗಿತ್ತು. ಹೊತ್ತಾದದ್ದೇ "ಸೀಟಿ ಹೊಡೀರಿ" ಎಂದೆ.

"ಮಂದಿ ಬರಾಕತ್ತಾರ್ರೀ, ಜರಾ ತಡೀರಿ," ಎಂದ ಕಂಡಕ್ಟರ್.

ನಾನು ಮೀಸೆ ಮುಟ್ಟಿಕೊಂಡು ತಿರುಗಿ ನೋಡಿದೆ. ಅವನು ಗಾಬರಿಯಾಗಿ ಸೀಟಿ ಊದಿದ. ಕನ್ನಡಿಯಲ್ಲಿ ಕೆಂಪು ರುಮಾಲಿನ ಮುದುಕನೊಬ್ಬ ತೆಂಗಿನಕಾಯಿ ಎತ್ತಿ ಆಡಿಸುತ್ತ ಓಡಿಬರುವುದು ಕಂಡಿತು. ಧೂಳಿನಲ್ಲಿ ಮುಖ ಕಾಣಲಿಲ್ಲ.

ದೇವದುರ್ಗದಲ್ಲಿ ಚಹಾ ಕುಡಿಯುವಾಗ ಕಂಡಕ್ಟರ್ ಮೆಲ್ಲಗೆ ಹೇಳಿದ: "ಓಡಿ ಬಂದವರು ನಿಮ್ಮ ಅಪ್ಪಾರು ಇದ್ರಲ್ರೀ. ಗಾಡಿಗಿ ಕಾಯಿ ಒಡೀಬೇಕಂತ ಬಂದಿದ್ರು." ಚಹಾದ ಲೋಟ ಕೆಳಗಿಟ್ಟೆ. ಮಾತು ಬಿಟ್ಟ ಅಪ್ಪ ತಾನಾಗಿ ರಾಜಿಗೆ ಬಂದಿದ್ದ. ಮಗ ಅವನ ಮುಖಕ್ಕೆ ಹೊಗೆ ಬಿಟ್ಟು ಬಂದಿದ್ದ.

ಸಂಜೆ ಊರಿಗೆ ಮರಳಿದಾಗ ಬೈಗುಳಕ್ಕೆ ತಯಾರಾಗಿಯೇ ಕೆಳಗಿಳಿದೆ. ಅಪ್ಪ ಕಟ್ಟೆಯ ಮೇಲೆ ಮಂದಿಯ ನಡುವೆ ಕೂತಿದ್ದ. "ಹೆತ್ತಪ್ಪನ ಸಲುವಾಗಿನೂ ಗಾಡಿ ನಿಂದರಸ್ಲಿಲ್ಲ ನೋಡ್ರಿ! ಮಿಲಿಟ್ರಿ ಅಂದ್ರ ಹಂಗ ಇರ್ತದ!" ಎನ್ನುತ್ತಿದ್ದ. ಎದ್ದು ಬಂದು ಬಸ್ಸಿನ ಮುಂದೆ ಅದೇ ಕಾಯಿ ಒಡೆದ. ಒಂದು ಹೋಳು ನನ್ನ ಕೈಗಿಟ್ಟು "ತಿನ್ನು ಲೇ" ಎಂದ. ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿತು.

ಆಮೇಲೆ ಸಂತೆಯ ದಿನ ನನ್ನ ಹಿಂದಿನ ಸೀಟು ಅಪ್ಪನದೇ. ಹೊರಡುವ ಮುನ್ನ ಕನ್ನಡಿ ನೋಡುವುದನ್ನು ನಾನೂ ಕಲಿತೆ. ಮೊನ್ನೆ ತಲೆಯ ಮೇಲೆ ಗಂಟು ಹೊತ್ತ ಮುದುಕಿಯೊಬ್ಬಳು ದೂರದಿಂದ ಕೈಬೀಸಿದಳು. ಹೊತ್ತು ಮೀರಿತ್ತು. ಆದರೂ ಬ್ರೇಕಿನ ಮೇಲೆ ಕಾಲಿಟ್ಟು ಕೂತೆ. ಮಿಲಿಟ್ರಿಯ ಮಾನ ಹೋಯಿತೆಂದು ಅಪ್ಪ ಏನನ್ನುತ್ತಾನೋ ಎಂಬ ಅಳುಕು ಬೇರೆ.

ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಿಂದೆ ಸಂತೆಯಲ್ಲಿ ಕೂಗುತ್ತಿದ್ದ ಅದೇ ದನಿಯಲ್ಲಿ ಕೂಗಿದ: "ಸಾವಕಾಶ ಬಾ ಯವ್ವಾ! ನನ್ನ ಮಗ ನಿನ್ನ ಸಲುವಾಗಿ ನಿಂತಾನ!"

ನಾನು ಕನ್ನಡಿಯಲ್ಲಿ ಮೀಸೆ ಸರಿಮಾಡಿಕೊಂಡೆ.