ಮುಖಕ್ಕೆ ಕಟ್ಟಿದ ಬಟ್ಟೆ

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ನಾನು ಓದು ನಿಲ್ಲಿಸಿದೆ. ಆಗ ಎಂಟನೇ ಕ್ಲಾಸು. ದೀಪಾವಳಿ ಕಳೆದ ಮೇಲೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಆ ವರ್ಷವನ್ನು ನೆನೆದರೆ ನನಗೆ ಮೇಷ್ಟರ ಮುಖವಾಗಲಿ, ಅರ್ಧಕ್ಕೆ ನಿಂತ ಪಾಠವಾಗಲಿ ನೆನಪಿಗೆ ಬರುವುದಿಲ್ಲ. ಹುಣಸೆಬೀಜದ ಅಂಟು ಬೇಯುವ ವಾಸನೆ ಬರುತ್ತದೆ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೀರಲ್ಲಿ ನೆನೆಹಾಕಿ, ಒರಳಲ್ಲಿ ನುಣ್ಣಗೆ ರುಬ್ಬಿ, ಸಣ್ಣ ಉರಿಯಲ್ಲಿ ತಿರುವುತ್ತ ಕಾಯಿಸಬೇಕು. ಅರ್ಧ ಹುರುಳಿ ಬೇಯಿಸಿದ ಹಾಗೆ, ಅರ್ಧ ಒದ್ದೆ ಮರದ ಹಾಗೆ ಒಂದು ವಾಸನೆ ಏಳುತ್ತದೆ. ಮೊನ್ನೆ ರಾಜೀವನಗರದ ನಮ್ಮ ಬೀದಿಯಲ್ಲಿ ಒಬ್ಬ ಮುದುಕಿ ಮೊಮ್ಮಕ್ಕಳಿಗೆಂದು ಹುಣಸೆಬೀಜ ಹುರಿಯುತ್ತಿದ್ದರು. ಸ್ಕೂಟರ್ ನಿಲ್ಲಿಸಿ ಅವರ ಗೇಟಿನ ಮುಂದೆ ನಿಂತುಬಿಟ್ಟೆ. "ಯಾರ್ ಮನೆ ಬೇಕಿತ್ತಪ್ಪ?" ಎಂದು ಕೇಳಿದರು. ನನಗೆ ಬೇಕಿದ್ದ ಮನೆ ಈಗ ಇಲ್ಲ. ಅದನ್ನು ಅವರಿಗೆ ಹೇಗೆ ಹೇಳುವುದು? ನೀವೂ ಎಂದೋ ಒಂದು ಸಲ ಹೀಗೆ ಯಾರದೋ ಗೇಟಿನ ಮುಂದೆ ಸುಮ್ಮನೆ ನಿಂತಿರಬಹುದು.

ನಮ್ಮ ಮನೆ ಕೆಸರೆಯಲ್ಲಿತ್ತು. ಹೆಂಚಿನ ಮನೆ, ಹಿಂದೆ ಒಂದು ಕೊಟ್ಟಿಗೆ. ದನ ಮಾರಿದ ಮೇಲೆ ಅಪ್ಪ ಆ ಕೊಟ್ಟಿಗೆಯ ನೆಲಕ್ಕೆ ಗಾರೆ ಹಾಕಿಸಿ, ಪೂರ್ವದ ಗೋಡೆಯಲ್ಲಿ ಅಗಲವಾದ ಕಿಟಕಿ ಕೊರೆದು, ಅದನ್ನು ತನ್ನ ಕೆಲಸದ ಮನೆ ಮಾಡಿಕೊಂಡಿದ್ದ. ವರ್ಷದ ಎಂಟು ತಿಂಗಳು ಅವನು ಬಾಗಿಲು, ಕಿಟಕಿ, ಮಂಚ ಮಾಡುವ ಬಡಗಿ. ಚಳಿಗಾಲದಲ್ಲಿ ಮಾತ್ರ ಗೊಂಬೆಯ ಮೇಸ್ತ್ರಿ. ನಮ್ಮ ಊರಿನಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತಾರೆ. ವಿಜಯದಶಮಿಯ ದಿನ ಪಟ್ಟದ ಗೊಂಬೆಗಳನ್ನು, ಅಂದರೆ ರಾಜ ರಾಣಿಯರ ಜೋಡಿಯನ್ನು, ಮಲಗಿಸಿ ಆಮೇಲೆ ಬಟ್ಟೆ ಸುತ್ತಿ ಪೆಟ್ಟಿಗೆಗೆ ಇಡುತ್ತಾರೆ. ಮುರಿದದ್ದನ್ನು ಪೆಟ್ಟಿಗೆಗೆ ಹಾಕಬಾರದು ಎಂದು ಹಳಬರು ಹೇಳುತ್ತಿದ್ದರು. ಹಾಗಾಗಿ ದೀಪಾವಳಿ ಕಳೆದು, ಮಳೆ ಹಿಂದೆ ಸರಿದು, ಬೆಳಗಿನ ಮಂಜು ಶುರುವಾಗುವ ಹೊತ್ತಿಗೆ ಕೈ ಹೋದವರು, ಸೊಂಡಿಲು ಹೋದವರು, ಕೊಳಲು ಕಳೆದುಕೊಂಡವರು ಎಲ್ಲರೂ ನಮ್ಮ ಕೊಟ್ಟಿಗೆಗೆ ಬಂದು ಸಾಲಾಗಿ ಕೂರುತ್ತಿದ್ದರು. ಒಣ ಗಾಳಿಯಲ್ಲಿ ಅಂಟು ಚೆನ್ನಾಗಿ ಬಿಗಿಯುತ್ತದೆ, ಬಣ್ಣ ಬೆವರುವುದಿಲ್ಲ. ಅವ್ವ ಅಂಟಿನ ಪಾತ್ರೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತು, "ನಿಮ್ ಆಸ್ಪತ್ರೇಲಿ ರೋಗಿಗಳು ಜಾಸ್ತಿ ಆದ್ರು. ನನಗೆ ಕಾಲಿಡಾಕೂ ಜಾಗ ಇಲ್ಲ" ಎನ್ನುತ್ತಿದ್ದಳು. ತಲೆ ಹಾರಿಹೋದ ಶೆಟ್ಟಿ ಗೊಂಬೆಯೊಂದು ಅಕ್ಕಿ ಬೇಳೆಯ ಅಂಗಡಿ ಮುಂದಿಟ್ಟುಕೊಂಡು ಕೂತಿತ್ತು. ಅದನ್ನು ತೋರಿಸಿ ಅಪ್ಪ, "ನೋಡಮ್ಮಿ, ಶೆಟ್ರಿಗೆ ತಲೆ ಇಲ್ದೆ ಇದ್ರೂ ಯಾಪಾರ ನಿಂತಿಲ್ಲ" ಎಂದು ನಗುತ್ತಿದ್ದ.

ಅಪ್ಪನ ಕೆಲಸಕ್ಕೆ ಒಂದು ಕ್ರಮವಿತ್ತು. ಮುಖವೇ ಒಡೆದಿರದಿದ್ದರೆ, ಗೊಂಬೆ ಬಂದ ಕೂಡಲೇ ಅವನು ಮಾಡುತ್ತಿದ್ದ ಮೊದಲ ಕೆಲಸ, ಅವ್ವನ ಹಳೆಯ ಸೀರೆಯಿಂದ ಹರಿದ ಒಂದು ತುಂಡು ಬಟ್ಟೆಯನ್ನು ಅದರ ಮುಖಕ್ಕೆ ಸುತ್ತಿ, ಹಿಂದೆ ಗಂಟು ಹಾಕುವುದು. ಆಮೇಲೆ ಮುರಿದ ಕಡೆ ಕೆರೆದು, ಅಂಟಿಗೆ ಮರದ ಹುಡಿ ಕಲಸಿ ಮೆತ್ತಿ, ಎರಡು ದಿನ ನೆರಳಲ್ಲಿ ಒಣಗಿಸಿ, ಮತ್ತೆ ಮೆತ್ತಿ, ಉಜ್ಜಿ, ಬಣ್ಣ. ಗೊಂಬೆಯವರು ತೆಗೆದುಕೊಂಡು ಹೋಗುವಾಗ ಅವರ ಕೈಯಿಂದಲೇ ಆ ಗಂಟು ಬಿಚ್ಚಿಸುತ್ತಿದ್ದ. ಅಲ್ಲಿಯವರೆಗೆ ಅವನೂ ಆ ಮುಖ ನೋಡುತ್ತಿರಲಿಲ್ಲ. ಬಣ್ಣ ಸಿಡಿಯಬಾರದು ಎಂದು ಹೀಗೆ ಮಾಡುತ್ತಾನೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಕೇಳಿದಾಗ, "ಮುರುದಿದ್ದು ಕೈ ತಾನೆ? ಕೈಗೆ ಔಸ್ದಿ ಮಾಡು. ಮುಖ ಅವ್ರ ಮನೇದು ಕಣ್ಲಾ, ನಮ್ದಲ್ಲ" ಎಂದಿದ್ದ.

ಆ ವರ್ಷ ಅಪ್ಪನ ಬಲಗೈ ನಡುಗತೊಡಗಿತು. ಮೊದಲು ಕಾಫಿ ಲೋಟದಲ್ಲಿ ಕಂಡಿತು, ಆಮೇಲೆ ಕುಂಚದಲ್ಲಿ. ಉಳಿ, ಬಾಚಿ ಹಿಡಿದರೆ ಅಷ್ಟಾಗಿ ತೋರುತ್ತಿರಲಿಲ್ಲ. ಆದರೆ ರಾಣಿಯ ಸೀರೆಯ ಅಂಚಿಗೆ ಒಂದೆಳೆ ಹಳದಿ ಗೆರೆ ಎಳೆಯಬೇಕಾದರೆ ಅವನು ಉಸಿರು ಬಿಗಿಹಿಡಿದು, ಎಡಗೈಯಲ್ಲಿ ಬಲಗೈಯ ಮಣಿಕಟ್ಟನ್ನು ಒತ್ತಿಕೊಂಡು ಕೂರುತ್ತಿದ್ದ. ಆಸ್ಪತ್ರೆಯ ಮಾತ್ರೆಗೆ ಅದು ಬಗ್ಗಲಿಲ್ಲ. ಒಂದು ಬೆಳಿಗ್ಗೆ ನಾನು ಕುಂಚ ತೆಗೆದುಕೊಂಡು ಆ ಗೆರೆಯನ್ನು ಎಳೆದೆ. ನೆಟ್ಟಗೆ ಬಂತು. ಮರುದಿನದಿಂದ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾಲ್ಕನೇ ದಿನ ಅಂಚು, ಒಡವೆ, ಹೂವು ಬರೆಯುವ ಕೆಲಸ ಕೊಟ್ಟು, "ಮುಖದ್ ತಂಟೆಗೆ ಮಾತ್ರ ಹೋಗ್ಬ್ಯಾಡ. ಅದಕ್ಕಿನ್ನೂ ಟೈಮೈತೆ" ಎಂದ. ನನಗೋ ಆಗಲೇ ನನ್ನ ಕೈಯ ಮೇಲೆ ಬಲು ಹೆಮ್ಮೆ. ಜೊತೆಯ ಹುಡುಗರು ಪುಸ್ತಕ ಹೊತ್ತು ಹೋಗುವಾಗ ಕಿಟಕಿಯಲ್ಲಿ ಕಾಣುವಂತೆ ಕೂತು ಬಣ್ಣ ಹಚ್ಚುತ್ತಿದ್ದೆ.

ಕಾರ್ತಿಕದ ಕೊನೆಯಲ್ಲಿ ಊರಿನ ಇನ್ನೊಂದು ಕಡೆಯ ಜಯಲಕ್ಷ್ಮಿಪುರಂ ಬಡಾವಣೆಯಿಂದ ಕರೆ ಬಂತು. ಶಾರದಮ್ಮ ಎಂಬ ವಯಸ್ಸಾದವರ ಮನೆ. ವರ್ಷವೂ ಒಂದಲ್ಲ ಒಂದು ಗೊಂಬೆ ಕೊಡುತ್ತಿದ್ದರು. ಅವರ ಪಟ್ಟದ ರಾಣಿ ಮೆಟ್ಟಿಲಿಂದ ಬಿದ್ದು ಎಡಗೈ ಮುರಿದಿತ್ತು. ಮೊಮ್ಮಗಳು ಉಮಾಳಿಗೆ ಮಾಘದಲ್ಲಿ ಮದುವೆ. ತವರಿನಿಂದ ಪಟ್ಟದ ಗೊಂಬೆ ಕಳಿಸಬೇಕಲ್ಲ, ಸಂಕ್ರಾಂತಿಯೊಳಗೆ ಆಗಬೇಕು ಎಂದರಂತೆ. ಒಳಗೆ ಕೂತು ಅವರು ಅಪ್ಪನಿಗೆ ಏನೇನು ಹೇಳಿದರೋ ನನಗೆ ಗೊತ್ತಿಲ್ಲ, ನಾನು ಹೊರಗೆ ಸೈಕಲ್ ಕಾಯುತ್ತಿದ್ದೆ. ಅಪ್ಪ ಹೊರಗೆ ಬಂದಾಗ ರಾಣಿಯ ಮುಖಕ್ಕೆ ಬಟ್ಟೆ ಕಟ್ಟಿಯಾಗಿತ್ತು. ಸಾಮಾನ್ಯವಾಗಿ ಮನೆಗೆ ಬಂದು ಕಟ್ಟುವವನು ಅಂದು ಅಲ್ಲೇ, ಅವರ ಟವಲನ್ನೇ ಕಟ್ಟಿಕೊಂಡು ಬಂದಿದ್ದ. ನಾನು ಅದನ್ನು ಗಮನಿಸಿದೆ. ಗಮನಿಸಿಯೂ ಅರ್ಥ ಮಾಡಿಕೊಳ್ಳಲಿಲ್ಲ.

ಕೈಯನ್ನು ಅಪ್ಪನೇ ಕಡೆದು ಕೂರಿಸಿದ. ಬೆರಳುಗಳನ್ನು ಕೊರೆಯಲು ಆರು ದಿನ ತೆಗೆದುಕೊಂಡ. ಬಳೆ, ವಂಕಿ, ರವಿಕೆಯ ತೋಳು ನಾನು ಬರೆದೆ. ಎಷ್ಟು ಚೆನ್ನಾಗಿ ಬಂತೆಂದರೆ, ಹಳೆಯ ಬಲಗೈಗಿಂತ ಹೊಸ ಎಡಗೈಯೇ ಹೊಳೆಯುತ್ತಿತ್ತು. ಧನುರ್ಮಾಸದ ಒಂದು ಬೆಳಿಗ್ಗೆ ಅಪ್ಪ ಆಸ್ಪತ್ರೆಗೆ, ಅವ್ವ ಸೌದೆಗೆ ಹೋಗಿದ್ದರು. ಕಿಟಕಿಯ ಬಿಸಿಲು ರಾಣಿಯ ಮೇಲೆ ಬಿದ್ದಿತ್ತು. ನಾನು ಗಂಟು ಬಿಚ್ಚಿದೆ. ನೋಡುವುದಷ್ಟೇ ಎಂದುಕೊಂಡೆ. ಒಳಗಿದ್ದದ್ದು ಒಂದು ಕೊಳೆಯಾದ ಮುಖ. ಹಣೆ ಪೂರಾ ಕಂದಿ ಕಪ್ಪು ಕೆಂಪಾಗಿತ್ತು. ಕೆನ್ನೆಗಳ ಮೇಲೆ ಹಳದಿ ಜಿಡ್ಡು ಪದರವಾಗಿ ಕೂತಿತ್ತು. ಒಂದು ಕಣ್ಣಿನ ರೆಪ್ಪೆ ಸವೆದುಹೋಗಿತ್ತು. ಮದುವೆಗೆ ಹೋಗುವ ರಾಣಿ, ಈ ಮುಖ ಹೊತ್ತುಕೊಂಡು ಹೋಗುವುದೇ? ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಎಲ್ಲವನ್ನೂ ಒರೆಸಿದೆ, ಉಪ್ಪುಕಾಗದದಲ್ಲಿ ಉಜ್ಜಿದೆ, ಗೋದಿಬಣ್ಣ ಹಚ್ಚಿದೆ. ಮರುದಿನವೂ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹುಬ್ಬು, ಕಣ್ಣು, ತುಟಿ ಬರೆದು, ಹಣೆಗೆ ದುಂಡನೆ ಬೊಟ್ಟಿಟ್ಟೆ. ಒಣಗಿದ ಮೇಲೆ ಟವಲನ್ನು ಇದ್ದ ಹಾಗೇ ಕಟ್ಟಿದೆ. ಬಿಚ್ಚಿದಾಗ ಎಲ್ಲರೂ ಬೆರಗಾಗುತ್ತಾರೆ, ಆಗ ಅಪ್ಪ "ನಮ್ ಮಾದೇವ ಬರ್ದಿದ್ದು" ಎನ್ನುತ್ತಾನೆ ಎಂದು ಒಳಗೊಳಗೇ ಕುಣಿಯುತ್ತ ಹತ್ತು ದಿನ ಕಳೆದೆ.

ಸಂಕ್ರಾಂತಿಯ ಹಿಂದಿನ ದಿನ ಇಬ್ಬರೂ ರಾಣಿಯನ್ನು ತೆಗೆದುಕೊಂಡು ಹೋದೆವು. ಶಾರದಮ್ಮನವರು ಹೊಸ ಕೈಯನ್ನು ಸವರಿ, "ಮುರಿದಿತ್ತು ಅಂತ ಯಾರೂ ಹೇಳಲ್ಲ ಕಣಪ್ಪ" ಎಂದರು. ಉಮಾ ಪಕ್ಕದಲ್ಲಿ ನಿಂತಿದ್ದಳು. ಅಜ್ಜಿ ಗಂಟು ಬಿಚ್ಚಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಬೆರಗು ಬರಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಉಮಾ ತಿರುಗಿ ಒಳಗೆ ಹೋದಳು.

"ನಿಮಗೆ ಹೇಳಿದ್ದೆನಲ್ಲಪ್ಪ," ಎಂದರು ಶಾರದಮ್ಮನವರು, ಬೈಯುವ ದನಿಯಲ್ಲಲ್ಲ. "ಉಮಾನ ಅಮ್ಮ ಇರೋವರೆಗೂ ನವರಾತ್ರಿ ಒಂಬತ್ತು ದಿನವೂ ತನ್ನ ಕೈಯಾರೆ ಅರಿಶಿನ ಕುಂಕುಮ ಇಡ್ತಿದ್ದಳು. ಅವಳು ಹೋಗಿ ನಾಲ್ಕು ವರ್ಷ ಆಯ್ತು. ಅವಳ ಬೆರಳ ಗುರುತು ಅಂತ ಉಳಿದಿದ್ದು ಅದೊಂದೇ. ಅದನ್ನೇ ಮಗು ಜೊತೆ ಕಳಿಸೋಣ ಅಂತಿದ್ದೆ."

ಅಪ್ಪ ರಾಣಿಯ ಮುಖ ನೋಡಿದ. ಆಮೇಲೆ ನನ್ನನ್ನು ನೋಡಿದ. ಒಂದೇ ಗಳಿಗೆ. ನಡುಗುವ ಬಲಗೈಯನ್ನು ಅವನು ಹೆಗಲ ವಸ್ತ್ರದ ಕೆಳಗೆ ಮರೆಮಾಡಿಕೊಂಡೇ ಆ ಮನೆಗೆ ಬಂದಿದ್ದ. ಈಗ ಅದನ್ನು ಹೊರಗೆ ತೆಗೆದು, ಎಡಗೈಯ ಜೊತೆ ಸೇರಿಸಿ ಮುಗಿದ. ಅದು ಎಲ್ಲರಿಗೂ ಕಾಣುವ ಹಾಗೆ ನಡುಗುತ್ತಿತ್ತು. "ನನ್ ತಪ್ಪು ತಾಯಿ. ಕೈ ಸ್ವಾಧೀನದಲ್ಲಿಲ್ಲ. ಬಣ್ಣ ಚೆಲ್ಬುಡ್ತು, ಒರ್ಸಕ್ಕೋಗಿ ಇಂಗಾಯ್ತು" ಎಂದ.

ನಾನು ಮಾಡಿದ್ದು ಎಂದು ಹೇಳಲು ನನಗೆ ಬಾಯಿ ಇತ್ತು. ಆ ಹಜಾರದಲ್ಲಿ ಬೇಕಾದಷ್ಟು ಹೊತ್ತೂ ಇತ್ತು. ಹುಡುಗ ಮಾಡಿದ್ದು ಎಂದು ಗೊತ್ತಾದರೆ ಅಪ್ಪನಿಗೆ ಯಾರೂ ಕೆಲಸ ಕೊಡುವುದಿಲ್ಲ ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡೆ. ಅದು ಸುಳ್ಳು. ಶಾಲೆ ಬಿಟ್ಟು ಹಿಡಿದ ಕುಂಚದ ಮಾನ ಹೋಗುತ್ತದೆ ಎಂದು ಹೆದರಿದ್ದೆ, ಅಷ್ಟೇ.

ಶಾರದಮ್ಮನವರು ಕೊಟ್ಟ ಕೂಲಿಯನ್ನು ಅಪ್ಪ ಮುಟ್ಟಲಿಲ್ಲ. ಸೈಕಲ್ ತಳ್ಳಿಕೊಂಡು ಕೆಸರೆಯವರೆಗೂ ನಡೆದೇ ಬಂದೆವು. ದಾರಿಯುದ್ದಕ್ಕೂ ಹೊಡೆತಕ್ಕೆ ಕಾದಿದ್ದೆ. ಹೊಡೆತ ಬೀಳಲಿಲ್ಲ. ಮನೆಗೆ ಬಂದು ಹಿತ್ತಲಲ್ಲಿ ಕೈಕಾಲು ತೊಳೆದುಕೊಳ್ಳುತ್ತಾ ಅಪ್ಪ ನನ್ನ ಕಡೆ ತಿರುಗದೆಯೇ ಹೇಳಿದ: "ರೆಪ್ಪೆ ಗೆರೆ ಎಲ್ಲೂ ಮುರುದಿಲ್ಲ ಕಣ್ಲಾ. ನಾನೂ ಅಂಗೆ ಎಳ್ದಿಲ್ಲ. ಅದಕ್ಕೇಯ ಹೊಟ್ಟೆ ಉರೀತೈತೆ." ಅದಾದ ಮೇಲೆ ಆ ವಿಷಯವನ್ನು ಅವನು ಎತ್ತಲಿಲ್ಲ. ಅವ್ವನಿಗೂ ಹೇಳಲಿಲ್ಲ.

ಗೊಂಬೆ ಕೊಡುತ್ತಿದ್ದ ಮನೆಗಳೆಲ್ಲ ಒಂದಕ್ಕೊಂದು ನೆಂಟರು. ಕೆಸರೆ ಮೇಸ್ತ್ರಿಯ ಕೈ ನಡುಗುತ್ತದಂತೆ ಎಂಬ ಮಾತು ಅರಿಶಿನ ಕುಂಕುಮಕ್ಕೆ ಹೋದವರ ಜೊತೆ ಮನೆಯಿಂದ ಮನೆಗೆ ಹೋಯಿತು. ಮುಂದಿನ ಚಳಿಗಾಲಕ್ಕೆ ನಾಲ್ಕು ಗೊಂಬೆ ಬಂದವು. ಅದರ ಮುಂದಿನದಕ್ಕೆ ಒಂದೂ ಬರಲಿಲ್ಲ. ಆದರೂ ಅವ್ವ ಅಭ್ಯಾಸ ಬಿಡದೆ ಹುಣಸೆಬೀಜ ಹುರಿದಿಟ್ಟಿದ್ದಳು. ಅಪ್ಪ ದಿನಾ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದು, ಗುಡಿಸಿ, ಕಿಟಕಿಯ ಬಿಸಿಲಲ್ಲಿ ಕೂತು, ಕಾಲು ಅಲುಗದ ಮಣೆಯನ್ನೂ ಒಡೆಯದ ಡಬ್ಬಿಯನ್ನೂ ರಿಪೇರಿ ಮಾಡುತ್ತಿದ್ದ. ಯಾರಾದರೂ ಗೇಟು ಸದ್ದು ಮಾಡಿದರೆ ತಲೆ ಎತ್ತುತ್ತಿದ್ದ. ಹಾಗೆ ಹತ್ತು ಚಳಿಗಾಲ ಕೂತ. ಹನ್ನೊಂದನೆಯದಕ್ಕೆ ಅವನಿರಲಿಲ್ಲ. ಅವ್ವ ಎರಡು ವರ್ಷ ಬಿಟ್ಟು ಹೋದಳು. ಮನೆ ಮಾರಿದೆವು. ಈಗ ಅಲ್ಲಿ ಮೂರಂತಸ್ತು ಎದ್ದಿದೆ, ಕೊಟ್ಟಿಗೆ ಇದ್ದ ಕಡೆ ಕಾರು ನಿಲ್ಲಿಸುತ್ತಾರೆ.

ನಾನು ಮುಖ ಬರೆಯುವುದನ್ನು ಅಂದೇ ಬಿಟ್ಟಿದ್ದೆ. ಬಾಗಿಲು ಕಿಟಕಿಯ ಕೆಲಸ ಹಿಡಿದೆ, ದುಡಿದೆ, ಯಾರ ಮುಂದೆಯೂ ಕೈ ಚಾಚಲಿಲ್ಲ. ಹೋದ ವರ್ಷ ಜಯಲಕ್ಷ್ಮಿಪುರಂನಲ್ಲೇ ಬೇರೊಂದು ಮನೆಗೆ ಬಾಗಿಲ ಅಳತೆ ತೆಗೆಯಲು ಹೋದರೆ, ಹಜಾರದ ಗಾಜಿನ ಬೀರುವಿನಲ್ಲಿ ರಾಜ, ಪಕ್ಕದಲ್ಲಿ ರಾಣಿ. ನನ್ನ ಹುಬ್ಬು, ನನ್ನ ಕಣ್ಣು, ನನ್ನ ತುಟಿ. ಟೇಪು ಹಿಡಿದ ಹಾಗೇ ನಿಂತೆ. ಎದುರಿಗೆ ಬಂದ ಮನೆಯೊಡತಿ ಉಮಾ, ತಲೆ ಬೆಳ್ಳಗಾಗಿತ್ತು. ಅವರಿಗೆ ನನ್ನ ಗುರುತು ಸಿಗಲಿಲ್ಲ, ನಾನೇ ಹೇಳಿದೆ. ಕಾಫಿ ಕೊಟ್ಟು ಕೂರಿಸಿ, "ಅಯ್ಯೋ, ಆ ಮೇಸ್ತ್ರಿ ಮಗನಾ ನೀವು? ಪಾಪ, ಅವರ ಕೈ ನಡುಗ್ತಿತ್ತು ಅಂತ ಅಜ್ಜಿ ಕೊನೇವರೆಗೂ ನೆನೆಸ್ಕೊಳ್ಳೋರು. ಬೈಕೊಂಡಲ್ಲ ಕಣ್ರೀ, ಮರುಗಿಕೊಂಡು" ಎಂದರು. ಆಗ ಹೇಳಿದೆ. ಮುಖ ಒರೆಸಿದ್ದು ಅಪ್ಪನಲ್ಲ, ನಾನು ಎಂದು. ಇಷ್ಟು ವರ್ಷ ಎದೆಯಲ್ಲಿ ಕಟ್ಟಿಟ್ಟದ್ದು ಒಂದೇ ವಾಕ್ಯದಲ್ಲಿ ಮುಗಿದುಹೋಯಿತು.

ಅವರು ಬೀರುವಿನ ಕಡೆ ತಿರುಗಿದರು. "ಮದುವೆ ದಿನ ಈ ಮುಖ ನೋಡಿ ಅತ್ತಿದ್ದೆ. ಈಗ ಹಳೇದು ಹೇಗಿತ್ತು ಅಂದ್ರೆ ನೆನಪೇ ಬರಲ್ಲ. ಅಮ್ಮನ ಮುಖವೂ ಅಷ್ಟೇ, ಪೂರ್ತಿ ಬರಲ್ಲ" ಎಂದರು. ಎದ್ದು ಲೋಟ ತೆಗೆದುಕೊಳ್ಳುವಾಗ, "ಇದನ್ನ ಅಜ್ಜಿಗೆ ಹೇಳಬೇಕಿತ್ತು ಮಾದೇವ ಅವರೇ. ನಿಮ್ಮಪ್ಪ ಇದ್ದಾಗ. ನನಗೆ ಹೇಳಿ ಏನು ಬಂತು?" ಎಂದರು. ಸಿಟ್ಟಿರಲಿಲ್ಲ. ಇದ್ದದ್ದನ್ನು ಹೇಳಿದರು. ಬಾಗಿಲ ಅಳತೆ ಬರೆದುಕೊಂಡು ಬಂದೆ.

ಈಗ ನನಗೆ ರಾಜೀವನಗರದಲ್ಲಿ ಸ್ವಂತ ಮನೆ ಒಂದು. ಬಾಗಿಲು ಕಿಟಕಿಯ ವರ್ಕ್‌ಶಾಪ್ ಒಂದು, ಅದರಲ್ಲಿ ಆರು ಜನ ಕೆಲಸಗಾರರು. ಹೆಣ್ಣುಮಕ್ಕಳು ಇಬ್ಬರು, ಇಬ್ಬರೂ ಡಿಗ್ರಿ ಮುಗಿಸಿದವರು. ಅಪ್ಪನ ಫೋಟೊ ಒಂದೇ ಒಂದು, ಓಟಿನ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದು. ಮುಖದ ಮೇಲೆಲ್ಲ ಕಲೆ ಇದೆ, ಒಂದು ಕಣ್ಣು ಸರಿಯಾಗಿ ಕಾಣುವುದಿಲ್ಲ. ತಿದ್ದಿ ಹೊಸದರ ಹಾಗೆ ಮಾಡಿಕೊಡುತ್ತೇನೆ ಎಂದು ಸ್ಟುಡಿಯೊದವನು ಎಷ್ಟೋ ಹೇಳಿದ. ಬೇಡ ಎಂದೆ.