ಚಹಾ ಹೇಳಿ ಬರುವಷ್ಟರಲ್ಲಿ

“ಮೇಡಂ, ತಪ್ಪು ತಿಳೀಬ್ಯಾಡ್ರಿ. ನೀವು ಚಾ ಹೇಳಾಕ ಹೊರಗ ಬಂದಾಗೆಲ್ಲ ಒಳಗ ಅವರು ಹೊಸ ಕೇಸು ಹಂಚ್ಕೊಂತಾರ್ರಿ.”

ಹೀಗೆಂದದ್ದು ಹಡಗಲಿಯಲ್ಲಿ ನಮ್ಮ ವಕೀಲರ ಆಫೀಸಿನ ಪಕ್ಕ ಚಹಾ ಅಂಗಡಿ ಇಟ್ಟಿರುವ ಗಂಗಮ್ಮ. ಅವರ ಒಲೆ ಇರುವುದು ನಮ್ಮ ಕಿಟಕಿಯ ಬುಡದಲ್ಲೇ.

ನಕ್ಕುಬಿಟ್ಟೆ. ಆಮೇಲೆ ಯೋಚನೆ ಹತ್ತಿತು. ನಾನಲ್ಲಿ ಸೇರಿ ಹನ್ನೊಂದು ವರ್ಷ. ನನ್ನ ಕೈಕೆಳಗೆ ಪಳಗಿದ ಇಬ್ಬರು ಗಂಡಸರು ದೊಡ್ಡ ಜಮೀನಿನ ಕೇಸುಗಳನ್ನು ನಡೆಸಿ, ಹೆಸರು ಮಾಡಿ, ಆಫೀಸಿನ ಬೋರ್ಡಿಗೂ ಏರಿದ್ದಾರೆ. ನಾನಿನ್ನೂ ಕೋರ್ಟಿನಲ್ಲಿ ಮುಂದಿನ ತಾರೀಖಿಗೆ ವಾಯಿದೆ ಕೇಳುವ ಜೂನಿಯರ್. ಸಂಜೆ ಕಕ್ಷಿದಾರರೆಲ್ಲ ಹೋದಮೇಲೆ ಸೀನಿಯರ್ ಚಹಾ ಹೇಳಲು ಕಳಿಸುವುದು ನನ್ನನ್ನೇ. ಅದನ್ನು ಮನೆಮಗಳೆಂಬ ಸಲಿಗೆ ಅಂದುಕೊಂಡಿದ್ದೆ.

ನಿಜವೇ ಎಂದು ನೋಡುವ ಕುತೂಹಲಕ್ಕೆ ಮರುದಿನ ಸಂಜೆ ಚಹಾ ಹೇಳಲು ಕಳಿಸಿದಾಗ ನಾನು ಕುರ್ಚಿಯಿಂದ ಏಳಲಿಲ್ಲ. ಕಿಟಕಿಯಿಂದಲೇ ಕೂಗಿ ನಾಲ್ಕು ಚಹಾ ಹೇಳಿದೆ. ಚಹಾ ಬಂತು, ಕುಡಿದದ್ದೂ ಆಯಿತು. ಮೇಜಿನ ಮೇಲಿನ ಹೊಸ ಫೈಲುಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಸೀನಿಯರ್ ಖಾಲಿ ಲೋಟ ನೋಡುತ್ತ, “ಇನ್ನೊಂದೊಂದು ಚಾ ಹೇಳಿ ಬಾರವ್ವಾ,” ಎಂದರು.

ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕೂತಲ್ಲಿಂದಲೇ ಮೇಲಿನ ಫೈಲನ್ನು ನನ್ನ ಕಡೆ ಎಳೆದುಕೊಂಡೆ.